ಸ್ಲೋ ನಿಲ್ಲದ ಮಿಷನ್ನು, ಸ್ಕ್ರೂ ಬಿಡದ ಅಣ್ಣ

ಮಲೆನಾಡಿನಲ್ಲಿ ಚೈನ್ ಸಾ ಬಂದ ಊರಿಗೆಲ್ಲ ಅದರ ಬೆನ್ನಿಗೇ ಒಬ್ಬ ಸ್ಕ್ರೂ ಅಣ್ಣನೂ ಬಂದಿರುತ್ತಾನೆ. ಅವನು ಮೆಕ್ಯಾನಿಕ್ ಅಲ್ಲ, ಅಂಗಡಿ ಇಟ್ಟವನೂ ಅಲ್ಲ. ಇರುವ ಅಡಿಕೆ ತೋಟ ನೋಡಿಕೊಂಡಿರುವ ಗೃಹಸ್ಥ. ಅಂಗಿ ಜೇಬಿನಲ್ಲಿ ಪೆನ್ನು ಇರಬೇಕಾದಲ್ಲಿ ಸಪೂರದ ಸ್ಕ್ರೂಡ್ರೈವರ್ ಇರುತ್ತದೆ ಅಷ್ಟೆ. ಮಳೆಗಾಲಕ್ಕೆ ಮುಂಚೆ ಕಾಫಿ ತೋಟದ ನೆರಳು ಬಿಡಿಸುವ ಹೊತ್ತಿಗೋ, ಗಾಳಿಗೆ ಮರ ರಸ್ತೆಗೆ ಅಡ್ಡ ಮಲಗಿದ ದಿನವೋ, "ಮಿಷನ್ ಸ್ಲೋ ನಿಲ್ತಾ ಇಲ್ಲ, ರೇಸ್ ಬಿಟ್ಟ ಕೂಡ್ಲೆ ಆಫ್ ಆಗ್ತದೆ" ಎಂಬ ಸುದ್ದಿ ಹೊರಟರೆ ಸಾಕು, ಹೇಳಿಕಳಿಸುವ ಮೊದಲೇ ಹಾಜರು. ಬಂದವನು ಯಾವತ್ತಿನಿಂದ ಹೀಗೆ, ಪೆಟ್ರೋಲ್ ಯಾವ ಕಾಲದ್ದು, ಫಿಲ್ಟರ್ ತೊಳೆದದ್ದು ಯಾವಾಗ ಎಂದೆಲ್ಲ ಕೇಳುವುದಿಲ್ಲ. ಅವೆಲ್ಲ ಕೈಲಾಗದವರ ಪ್ರಶ್ನೆಗಳು. ಒಂದು ಮೊಣಕಾಲೂರಿ ಕೂತು, ತಲೆ ವಾರೆ ಮಾಡಿ ಕಿವಿಗೊಟ್ಟು, "ಕಾರ್ಬೊರೇಟರ್ ಟ್ಯೂನಿಂಗ್ ಹೋಗಿದೆ ಮಾರಾಯ" ಎನ್ನುವಷ್ಟರಲ್ಲಿ ಸ್ಕ್ರೂಡ್ರೈವರ್ ಒಳಗೆ ಹೋಗಿಯೇ ಆಗಿರುತ್ತದೆ.

ಇವನಿಗೆ ಏನೂ ಗೊತ್ತಿಲ್ಲ ಎಂದು ನಗುವವರಿದ್ದಾರೆ. ಅದು ಅನ್ಯಾಯ. ಮಿಷನ್ನಿನ ಪಕ್ಕದಲ್ಲಿರುವ ಮೂರು ಸ್ಕ್ರೂಗಳ ಜಾತಕ ಅವನ ಬಾಯಲ್ಲಿದೆ: 'ಎಲ್' ಎಂದು ಬರೆದದ್ದು ಸ್ಲೋನಲ್ಲಿ ಪೆಟ್ರೋಲ್ ಎಷ್ಟು ಬರಬೇಕೆಂದು ನೋಡಿಕೊಳ್ಳುತ್ತದೆ, 'ಎಚ್' ಪೂರ್ತಿ ರೇಸಿನದು, ಮೂರನೆಯದು ಗಾಳಿಯ ಬಾಗಿಲನ್ನು ಪೂರ್ತಿ ಮುಚ್ಚಿಕೊಳ್ಳದಂತೆ ತುಸು ಎತ್ತಿ ಹಿಡಿದು ಮಿಷನ್ ಬದುಕಿರುವಂತೆ ಮಾಡುತ್ತದೆ. ಬಲಕ್ಕೆ ತಿರುಗಿಸಿದರೆ ಮೊದಲೆರಡು ಪೆಟ್ರೋಲನ್ನು ಬಿಗಿ ಹಿಡಿಯುತ್ತವೆ, ಮೂರನೆಯದು ಓಟ ಹೆಚ್ಚಿಸುತ್ತದೆ. ಇಷ್ಟೆಲ್ಲ ತಿಳಿದವನು ಪ್ರತಿ ಸಲವೂ ಸ್ಕ್ರೂವಿನಿಂದಲೇ ಯಾಕೆ ಶುರು ಮಾಡುತ್ತಾನೆ? ಇಡೀ ಮಿಷನ್ನಿನಲ್ಲಿ ಮುಟ್ಟಿದ ತಕ್ಷಣ ಮರುಮಾತಾಡುವ ಭಾಗ ಅದೊಂದೇ ಎಂಬುದೇ ಕಾರಣ ಎಂದು ನನ್ನ ಅನಿಸಿಕೆ. ಕಾಲು ಸುತ್ತು ತಿರುಗಿಸಿದರೆ ಶಬ್ದ ಬದಲಾಗುತ್ತದೆ. ಸುತ್ತ ಕೈಕಟ್ಟಿ ನಿಂತ ಆರು ಜನ ಒಟ್ಟಿಗೆ "ಹಾಂ, ಹಾಂ" ಎನ್ನುತ್ತಾರೆ. ಫಿಲ್ಟರ್ ಬಿಚ್ಚಿ ತೊಳೆದು ಒಣಗಲು ಇಟ್ಟರೆ ಹಾಗೆನ್ನುವವರು ಯಾರೂ ಇಲ್ಲ. ಅದು ಒಣಗುವ ಹೊತ್ತಿಗೆ ಪ್ರೇಕ್ಷಕರು ಊಟಕ್ಕೆ ಹೋಗಿರುತ್ತಾರೆ.

ಸ್ಕ್ರೂವಿನ ಮೇಲಿನ ಆರೋಪ ಎಷ್ಟು ದುರ್ಬಲ ಎಂಬುದಕ್ಕೆ ಸಾಕ್ಷಿ ಮಿಷನ್ನಿನಲ್ಲೇ ಇದೆ. ಅದು ನಡುಗುವ ಯಂತ್ರವೆಂದು ತಯಾರಿಸಿದವರಿಗೂ ಗೊತ್ತು. ಹಾಗಾಗಿ ಸ್ಕ್ರೂ ತಾನಾಗಿ ತಿರುಗದಂತೆ ಸ್ಪ್ರಿಂಗನ್ನೋ ಬೇರೊಂದು ಬಿಗಿಯನ್ನೋ ಕೊಟ್ಟಿರುತ್ತಾರೆ. ಮೊನ್ನೆ ಹಲಸಿನ ದಿಮ್ಮಿ ಕೊಯ್ದ ಮಿಷನ್ ಇವತ್ತು ಸ್ಲೋ ನಿಲ್ಲುವುದಿಲ್ಲವೆಂದರೆ, ರಾತ್ರಿ ಕೊಟ್ಟಿಗೆಯಲ್ಲಿ ಸ್ಕ್ರೂ ಎದ್ದು ತಿರುಗಿಕೊಂಡಿತು ಎನ್ನುವುದಕ್ಕಿಂತ ಮೊನ್ನೆಯಿಂದ ಇವತ್ತಿನೊಳಗೆ ಕಸ ಕೂತಿತು ಎನ್ನುವುದು ನಂಬುವಂಥ ಮಾತು. ರೇಸ್ ಬಿಟ್ಟಾಗ ಗಾಳಿಯ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ, ಪೆಟ್ರೋಲ್ ಬರುವುದು ಸೂಜಿಮೊನೆಯಂಥ ತೂತಿನಲ್ಲಿ. ಪೂರ್ತಿ ರೇಸಿನಲ್ಲಿ ಲೆಕ್ಕಕ್ಕೇ ಬಾರದ ಕೊಳೆ ಇಲ್ಲಿ ಉಸಿರು ಕಟ್ಟಿಸುತ್ತದೆ. ಏರ್ ಫಿಲ್ಟರಿನ ಮುಚ್ಚಳ ತೆಗೆದು ನೋಡಿ: ಮರದ ಹುಡಿ, ಚೈನಿನ ಎಣ್ಣೆ, ಹಸಿ ಮರದ ಸೊನೆ ಮೂರೂ ಸೇರಿ ಕರಿ ರೊಟ್ಟಿಯಾಗಿ ಅಂಟಿ ಕೂತಿರುತ್ತದೆ, ಉಗುರು ಹಾಕಿದರೆ ಪದರವೇ ಎದ್ದು ಬರುತ್ತದೆ. ಟ್ಯಾಂಕಿನೊಳಗಿನ ಪೆಟ್ರೋಲ್ ಫಿಲ್ಟರನ್ನು ತಂತಿ ಕೊಕ್ಕೆಯಲ್ಲಿ ಎಳೆದರೆ ಅದರದೂ ಅದೇ ಬಣ್ಣ. ಸೈಲೆನ್ಸರಿನ ಜಾಲರಿ ಮಸಿ ಕಟ್ಟಿರುತ್ತದೆ. ಇದರಲ್ಲಿ ಅಣ್ಣನ ಧಾರಾಳತನದ ಪಾಲೂ ಉಂಟು. ಡಬ್ಬದ ಮೇಲೆ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ ಟೂ-ಟಿ ಆಯಿಲ್ ಸಾಕು. ಅಣ್ಣ "ಇರ್ಲಿ, ಮಿಷನ್ನಿಗೆ ಒಳ್ಳೇದು" ಎಂದು ಕಣ್ಣಳತೆಯಲ್ಲಿ ಅದರ ಎರಡರಷ್ಟು ಸುರಿಯುತ್ತಾನೆ. ಅದು ಪ್ಲಗ್ಗಿಗೂ ಒಳ್ಳೆಯದಲ್ಲ, ಜಾಲರಿಗೂ ಅಲ್ಲ. ಆಮೇಲೆ ಪೆಟ್ರೋಲಿನ ವಯಸ್ಸು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುವಂಥದ್ದು. ಆಗುಂಬೆ ಸೀಮೆಯ ಮಳೆಗಾಲವನ್ನೆಲ್ಲ ಕ್ಯಾನಿನಲ್ಲಿ ಕಳೆದ ಪೆಟ್ರೋಲಿನಿಂದ ಯಾವ ಸ್ಕ್ರೂ ತಾನೇ ಏನು ಮಾಡಿಸೀತು?

"ಆದರೂ ಅವನು ಕೈಯಿಟ್ಟರೆ ಮಿಷನ್ ಸ್ಲೋ ನಿಲ್ತದಲ್ಲ?" ಎಂದು ಅಣ್ಣನ ಕಡೆಯವರು ಕೇಳುತ್ತಾರೆ. ನಿಲ್ಲುತ್ತದೆ, ಸುಳ್ಳಲ್ಲ. ಮೂರನೇ ಸ್ಕ್ರೂವನ್ನು ಸಾಕಷ್ಟು ಒಳಕ್ಕೆ ತಿರುಗಿಸಿದರೆ ಎಂಥ ಕಸ ಕಟ್ಟಿದ ಮಿಷನ್ನೂ ಒಂದು ಹಾಡು ಹಿಡಿಯುತ್ತದೆ. ಜ್ವರ ಇಳಿಸಲು ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿದ ಹಾಗೆ ಅದು. ಕಷ್ಟವಿರುವುದು ಕಸ ಕಟ್ಟಿದ ಮಿಷನ್ನಿಗಿಂತ ಬೇಡದ ಗಾಳಿ ಎಳೆಯುವ ಮಿಷನ್ನಿನಲ್ಲಿ. ರೇಸ್ ಬಿಟ್ಟ ಮೇಲೂ ತುಸು ಹೊತ್ತು ಜೋರಾಗಿ ಕಿರುಚಿ ಆಮೇಲೆ ಪಕ್ಕನೆ ಸತ್ತರೆ, ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರು ಬಿರುಕು ಬಿಟ್ಟಿರಬಹುದು, ಕ್ರ್ಯಾಂಕಿನ ಸೀಲು ಹೋಗಿರಬಹುದು. ಈ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೇ. ಬೇಡದ ಗಾಳಿ ಹೊಕ್ಕು ಪೆಟ್ರೋಲಿನ ಪಾಲು ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ನಿಗೆ ಗೀರು ಬೀಳುತ್ತದೆ. ಅಂಥ ಮಿಷನ್ನನ್ನು ಸ್ಕ್ರೂವಿನಿಂದ ಸಮಾಧಾನ ಮಾಡಿ ಕೆಲಸಕ್ಕೆ ಕಳಿಸಿದರೆ, ಮುಂದಿನ ಬಿಲ್ಲು ಫಿಲ್ಟರಿನದ್ದಾಗಿರುವುದಿಲ್ಲ. ಇನ್ನು ಹತ್ತು ನಿಮಿಷ ಸರಿಯಾಗಿ ಓಡಿ ನಿಲ್ಲುವ ಮಿಷನ್ನಿಗೆ ಅಣ್ಣನೂ ಬೇಡ, ಸ್ಕ್ರೂಡ್ರೈವರೂ ಬೇಡ. ಟ್ಯಾಂಕಿನ ಮುಚ್ಚಳ ಸಡಿಲಿಸಿದಾಗ 'ಸುಯ್' ಎಂದು ಒಳಕ್ಕೆ ಗಾಳಿ ಎಳೆದುಕೊಂಡು, ಮತ್ತೆ ಸ್ಟಾರ್ಟ್ ಆದರೆ, ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿದೆ ಎಂದರ್ಥ. ಇಷ್ಟು ಸುಲಭದ ಪರೀಕ್ಷೆಯಲ್ಲಿ ಗೌರವ ಇಲ್ಲದಿರುವುದರಿಂದಲೋ ಏನೋ, ಅಣ್ಣಂದಿರು ಇದರ ತಂಟೆಗೆ ಹೋಗುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ರಿಪೇರಿ ಅಂಗಡಿ ಇರುವುದು ಪೇಟೆಯಲ್ಲಿ, ಬಸ್ಸು ಬರುವುದು ಅದರ ಮರ್ಜಿಗೆ, ಕೆಲಸದವರು ತೋಟದಲ್ಲಿ ಸುಮ್ಮನೆ ಕೂತಿದ್ದಾರೆ, ಕಾಸು ಕೇಳದೆ ಒಂದು ಲೋಟ ಕಾಫಿಗೆ ಬರುವವನು ಇವನೊಬ್ಬ. ಒಪ್ಪಬೇಕಾದ ಮಾತು. ಬೇಕಾದರೆ ಸ್ಕ್ರೂವಿನ ಪರವಾಗಿ ಇನ್ನೂ ಒಂದು ಮಾತು ನಾನೇ ಸೇರಿಸುತ್ತೇನೆ: ಕೊಳೆಯೆಲ್ಲ ತೆಗೆದು, ಹೊಸ ಪೆಟ್ರೋಲ್ ಹಾಕಿದ ಮೇಲೂ ಸ್ಲೋ ನಿಲ್ಲದಿದ್ದರೆ ತಿರುಗಿಸಬೇಕಾದದ್ದು ಅದನ್ನೇ. ಇಲ್ಲದಿದ್ದರೆ ಕಂಪನಿಯವರು ಅದನ್ನು ಕೈಗೆ ಸಿಗುವ ಜಾಗದಲ್ಲಿ ಯಾಕೆ ಇಡುತ್ತಿದ್ದರು? ನನ್ನ ತಕರಾರು ಸರದಿಯ ಬಗ್ಗೆ ಮಾತ್ರ. ಕೊನೆಗೆ ಬರಬೇಕಾದವನು ಮೊದಲೇ ಬಂದು ಕುರ್ಚಿ ಹಿಡಿದಿದ್ದಾನೆ.

ಆದರೆ ಈ ವಾದದಲ್ಲಿ ಗೆದ್ದರೂ ಅಣ್ಣನನ್ನು ಸೋಲಿಸಲಾಗುವುದಿಲ್ಲ. ಯಾರೋ ಓದಿದ ಹುಡುಗ ರಜೆಗೆ ಬಂದವನು ಸದ್ದಿಲ್ಲದೆ ಫಿಲ್ಟರ್ ತೊಳೆದು, ಜಾಲರಿಯ ಮಸಿ ಉಜ್ಜಿ, ಹಳೆ ಪೆಟ್ರೋಲ್ ಚೆಲ್ಲಿ ಹಗ್ಗ ಎಳೆಯುತ್ತಾನೆ. ಮಿಷನ್ ಎರಡೇ ಎಳೆತಕ್ಕೆ ಎದ್ದು ನಿಲ್ಲುತ್ತದೆ, ಅಷ್ಟೇ ಅಲ್ಲ, ರೇಸ್ ಕೊಡದೆಯೇ ಚೈನ್ ಗಿರಗಿರನೆ ಸುತ್ತತೊಡಗುತ್ತದೆ. ಕೊಳೆ ಇದ್ದಾಗ ಅಣ್ಣ ಏರಿಸಿಟ್ಟ ಓಟ ಈಗ ಅತಿಯಾಗಿದೆ. ಸ್ಲೋನಲ್ಲಿ ಸುತ್ತುವ ಚೈನ್ ಕಾಲು ಕತ್ತರಿಸುವ ಸಾಮಾನು, ಹಾಗೆ ಬಿಡುವಂತಿಲ್ಲ. ಮೂರನೇ ಸ್ಕ್ರೂವನ್ನು ಅರ್ಧ ಸುತ್ತು ಹಿಂದಕ್ಕೆ ತರಲೇಬೇಕು, ಹುಡುಗನ ಹತ್ತಿರ ಅಷ್ಟು ಸಪೂರದ ಸ್ಕ್ರೂಡ್ರೈವರ್ ಇಲ್ಲ. "ಆ ಅಣ್ಣನಿಗೆ ಒಂದು ಫೋನ್ ಮಾಡಿ" ಎನ್ನುತ್ತಾರೆ ಮನೆಯವರು. ಅಣ್ಣ ಬರುತ್ತಾನೆ, ಮೊಣಕಾಲೂರುತ್ತಾನೆ, ತಲೆ ವಾರೆ ಮಾಡುತ್ತಾನೆ, ತಿರುಗಿಸುತ್ತಾನೆ. ಚೈನ್ ನಿಲ್ಲುತ್ತದೆ, ಮಿಷನ್ ನಿಲ್ಲುವುದಿಲ್ಲ. "ನಾನು ಅವತ್ತೇ ಹೇಳಿದ್ದೆ, ಟ್ಯೂನಿಂಗಿನದ್ದೇ ಅಂತ."