ತಂಪಿನ ಊರಿನ ಜಾಗರಣೆ

ಬೆಳಗಾವಿಯವರು ಮೈತುಂಬ ಸಾಲ ಇದೆಯೆಂದು ಒಪ್ಪಿಕೊಂಡಾರು, ಸಕ್ಕರೆ ಕಾಯಿಲೆ ಬಂದಿದೆಯೆಂದು ಒಪ್ಪಿಕೊಂಡಾರು, ಊರಲ್ಲಿ ಸೆಕೆಯಾಗುತ್ತಿದೆ ಎಂದು ಮಾತ್ರ ಒಪ್ಪಿಕೊಳ್ಳಲಾರರು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದ್ದೇವೆ, ಮಗ್ಗುಲಲ್ಲೇ ಸಹ್ಯಾದ್ರಿ ಇದೆ, ಸಂಜೆಯಾದರೆ ಪಡುವಣ ಗಾಳಿ ಬೀಸುತ್ತದೆ, ಹಿಂದಿನವರು ಈ ಊರನ್ನು ಬಡವರ ಮಹಾಬಳೇಶ್ವರ ಎಂದು ಕರೆದಿದ್ದಾರೆ. ಇಷ್ಟೆಲ್ಲ ಇದ್ದ ಮೇಲೆ ಬೆವರುವುದೆಂದರೆ ಮನೆತನಕ್ಕೇ ಕುಂದು. ಮೇ ತಿಂಗಳಲ್ಲಿ ಖಡೇಬಜಾರಿನಲ್ಲಿ ಅಂಗಿಯನ್ನು ಬೆನ್ನಿಗೆ ಅಂಟಿಸಿಕೊಂಡು ನಿಂತವರನ್ನು "ಏನ್ರೀ, ಭಾಳ ಶಕಿ ಆಗೇತಲ್ಲ?" ಎಂದು ಕೇಳಿ ನೋಡಿ. "ಛೇ, ಇದೇನ್ ಶಕೀರಿ! ಈ ವರ್ಷ ಒಂದ್ ಸ್ವಲ್ಪ..." ಎನ್ನುತ್ತ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಾರೆ. ನನಗೆ ತಿಳಿವಳಿಕೆ ಬಂದಾಗಿನಿಂದ 'ಈ ವರ್ಷ ಒಂದು ಸ್ವಲ್ಪ' ಪ್ರತಿ ವರ್ಷವೂ ಇದೆ.

ಈ ಅಭಿಮಾನದ ಕುರುಹು ನಮ್ಮ ಮನೆಯ ಛತ್ತಿನಲ್ಲಿದೆ. ಇದೆ ಎನ್ನುವುದಕ್ಕಿಂತ, ಇರಬೇಕಾದಲ್ಲಿ ಇಲ್ಲ. ತಂದೆಯವರು ಮನೆ ಕಟ್ಟಿಸುವಾಗ ಸ್ಲ್ಯಾಬು ಹಾಕುವ ಹಿಂದಿನ ದಿನ ಗೌಂಡಿ ಬಂದು, "ಸಾಹೇಬ್ರ, ಪಂಖಾದ ಹುಕ್ಕು ಎಲ್ಲೆಲ್ಲಿ ಬಿಡೂಣ್ರಿ?" ಎಂದು ಕೇಳಿದನಂತೆ. "ಬೆಳಗಾವ್ಯಾಗ ಪಂಖಾ ಯಾರಿಗೆ ಬೇಕೋ ಮಾರಾಯಾ, ಇದೇನ್ ಬಳ್ಳಾರಿ ಅಂತ ತಿಳದಿ ಏನ್?" ಎಂದರಂತೆ ಇವರು. ಗೌಂಡಿ ಹುಕ್ಕಿನ ದುಡ್ಡು ಉಳಿಸಿದ. ಅಂದಿನಿಂದ ನಮ್ಮ ಮಲಗುವ ಕೋಣೆಯನ್ನು ಆಳುತ್ತಿರುವುದು ಒಂದು ಟೇಬಲ್ ಫ್ಯಾನು. ಅದು ಕತ್ತು ತಿರುಗಿಸುವ ಜಾತಿಯದು. ಎಡದ ಗೋಡೆಯಿಂದ ಹೊರಟು, ಹೆಂಡತಿಯ ಮೇಲೆ ಹಾದು, ನನ್ನ ಮೇಲೆ ಹಾದು, ಬಲಗಡೆಯ ಬಟ್ಟೆಯ ಕಪಾಟಿಗೆ ಮುಟ್ಟಿ, ಅಲ್ಲಿ 'ಟಕ್' ಎಂದು ನಿಂತು, ಒಂದಷ್ಟು ಹೊತ್ತು ಯೋಚಿಸಿ, ಮತ್ತೆ ಹೊರಡುತ್ತದೆ. ಮನೆಯಲ್ಲಿ ಅತಿ ಹೆಚ್ಚು ಗಾಳಿ ಉಣ್ಣುವುದು ಕಪಾಟೇ. ಅದರ ಬಾಗಿಲಿಗೆ ಸಿಕ್ಕಿಸಿದ ಕ್ಯಾಲೆಂಡರು ರಾತ್ರಿಯಿಡೀ ಪಟಪಟ ಬಡಿದುಕೊಳ್ಳುತ್ತ ಏಪ್ರಿಲ್, ಮೇ, ಜೂನ್ ಎಂದು ಮುಂದಿನ ತಿಂಗಳುಗಳನ್ನು ತೋರಿಸಿ ಸಮಾಧಾನ ಹೇಳುತ್ತದೆ.

ಸರಕಾರದ ಲೆಕ್ಕದಲ್ಲೂ ನಮಗೆ ಸೆಕೆಯಾಗುವುದು ಕಷ್ಟ. ಹವಾಮಾನ ಇಲಾಖೆಯವರು ಬಿಸಿಗಾಳಿ ಎನ್ನಬೇಕಾದರೆ ಬಯಲುಸೀಮೆಯಲ್ಲಿ ಉಷ್ಣಾಂಶ 40 ಡಿಗ್ರಿಯಾದರೂ ಮುಟ್ಟಬೇಕು, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30. ನಾವು ಯಾವುದರಲ್ಲಿ ಬರುತ್ತೇವೆ? ನಮ್ಮ ಓಣಿಯಲ್ಲಿ ಮತ ಹಾಕಿಸಿದರೆ ಎಲ್ಲರೂ ಗುಡ್ಡಗಾಡಿಗೇ ಹಾಕುತ್ತಾರೆ. ಹಾಗೆ ನೋಡಿದರೆ ಮಾರ್ಚ್ ಹುಟ್ಟಿದಾಗಿನಿಂದ ನಮ್ಮದು ದಿನಾಲೂ ಬಿಸಿಗಾಳಿಯೇ. 'ಬೆಚ್ಚನೆಯ ರಾತ್ರಿ' ಎಂಬ ಇನ್ನೊಂದು ಪದವಿಯೂ ಇಲಾಖೆಯಲ್ಲಿದೆ. ಅದನ್ನು ಪಡೆಯಲು ರಾತ್ರಿಯ ಕನಿಷ್ಠ ಉಷ್ಣಾಂಶ ವಾಡಿಕೆಗಿಂತ 4.5 ಡಿಗ್ರಿ ಏರಿದರೆ ಸಾಲದು, ಹಗಲು ಕೂಡ 40 ಮುಟ್ಟಿರಬೇಕು. ಬೆಳಗಾವಿಯ ಬಿಸಿಲು ಬಹಳ ಸಲ 37, 38ಕ್ಕೇ ಸಾಕೆಂದು ಇಳಿದುಬಿಡುತ್ತದೆ. ಅಂದರೆ ನಾನು ರಾತ್ರಿ ಎರಡಕ್ಕೆ ದಿಂಬಿನ ತಂಪು ಮಗ್ಗುಲು ಹುಡುಕುತ್ತ ಹೊರಳಾಡುತ್ತಿರುವ ಈ ರಾತ್ರಿ, ದಾಖಲೆಯ ಪ್ರಕಾರ, ಬೆಚ್ಚಗಿಲ್ಲ.

ದಾಖಲೆ ಸುಳ್ಳೂ ಅಲ್ಲ. ಆ ಹೊತ್ತಿನಲ್ಲಿ ಬಾಗಿಲು ತೆಗೆದು ಹೊರಗೆ ಬಂದರೆ 22, 23 ಡಿಗ್ರಿಯ ಒಳ್ಳೆಯ ಗಾಳಿ ಇರುತ್ತದೆ. ಊರು ಇವತ್ತಿಗೂ ಮಹಾಬಳೇಶ್ವರವೇ. ಬಳ್ಳಾರಿಯಾಗಿರುವುದು ಮನೆಯ ಒಳಗು. ಕಾಂಕ್ರೀಟಿನ ಸ್ಲ್ಯಾಬು ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಕುಡಿದು, ಎಲ್ಲರೂ ಹಾಸಿಗೆ ಹಾಸಿದ ಮೇಲೆ ನಿಧಾನವಾಗಿ ಬಡ್ಡಿಸಮೇತ ಕೆಳಗೆ ಬಿಡುತ್ತದೆ. ಕಿಟಕಿ ತೆಗೆದರೆ ಸೊಳ್ಳೆ, ಮುಚ್ಚಿದರೆ ಉಬ್ಬೆ. ಶಹಾಪುರ, ವಡಗಾವಿ ಕಡೆ ಉಳಿದಿರುವ ಹಳೆಯ ಮನೆಗಳಲ್ಲಿ ಮಣ್ಣಿನ ಗೋಡೆ, ಮೇಲೆ ಹೆಂಚು. ಬಿಸಿಗಾಳಿ ಹೆಂಚಿನ ಸಂದಿಯಲ್ಲಿ ತಾನಾಗಿ ನುಸುಳಿ ಹೋಗುತ್ತಿತ್ತು. ನಾವು ಅಂಥ ಮನೆಗಳನ್ನು ಕೆಡವಿ, ಇಲಿ ಬರುತ್ತವೆ, ಮಳೆಗಾಲದಲ್ಲಿ ಸೋರುತ್ತವೆ ಎಂದು ನೆಪ ಹೇಳಿ ಸ್ಲ್ಯಾಬು ಹಾಕಿಸಿದೆವು. ಇಲಿ ಹೋಯಿತು, ನಿದ್ದೆಯೂ ಅದರ ಬೆನ್ನು ಹತ್ತಿತು.

ನಿದ್ದೆ ಬರಬೇಕಾದರೆ ದೇಹದ ಒಳಗಿನ ಶಾಖ ಸುಮಾರು ಒಂದು ಡಿಗ್ರಿಯಷ್ಟು ಇಳಿಯಬೇಕಂತೆ. ಅದಕ್ಕಾಗಿ ಮೈ ತನ್ನ ಬಿಸಿಯನ್ನು ಅಂಗೈ, ಅಂಗಾಲಿನ ಕಡೆ ಸಾಗಿಸುತ್ತದೆ. ಮಕ್ಕಳು ಹೊದಿಕೆಯಿಂದ ಕಾಲು ಹೊರಗೆ ಚಾಚಿ ಮಲಗುವುದರ ಗುಟ್ಟು ಇದು. ನಾವೂ ಚಾಚಿದೆವು. ಚಾಚಿದ ಕಾಲನ್ನು ಸೊಳ್ಳೆ ಹಿಡಿಯಿತು. ಕೊನೆಗೆ ಟೆರೇಸೇ ಗತಿ.

ನಮ್ಮ ಓಣಿಯ ನಿಜವಾದ ಸಭೆ ಸೇರುವುದು ಮೇ ತಿಂಗಳ ರಾತ್ರಿ ಒಂದೂವರೆಗೆ, ಟೆರೇಸುಗಳ ಮೇಲೆ. ಆದರೆ ಸೆಕೆಗೆಂದು ಬಂದವರು ಒಬ್ಬರೂ ಇರುವುದಿಲ್ಲ. ಎದುರುಮನೆಯ ಕಾಕಾ, "ಟಾಕಿ ತುಂಬೇತೇನ್ ನೋಡಾಕ ಬಂದೆ" ಎನ್ನುತ್ತಾರೆ. ಕಂಕುಳಲ್ಲಿ ದಿಂಬು ಇರುತ್ತದೆ. ಮಗ್ಗುಲ ಮನೆಯ ಮಾವಶಿಗೆ ಒಣಹಾಕಿದ ಶಾವಿಗೆಯ ಚಿಂತೆ, "ಎಲ್ಲಿ ಅಡ್ಡಮಳಿ ಬಂದೀತು ಅಂತ ಎದ್ದೆ". ಆಕಾಶದಲ್ಲಿ ಚುಕ್ಕಿ ಎಣಿಸಬಹುದು, ಶಾವಿಗೆಯನ್ನು ಸಂಜೆಯೇ ಒಳಗೆ ಒಯ್ದದ್ದನ್ನು ನಾನೇ ನೋಡಿದ್ದೇನೆ. ಮೇಲಿನ ಕೋಣೆಯ ಬಾಡಿಗೆ ಹುಡುಗನಿಗೆ ಕೆಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಗಡಿ, ಭಾಷೆ ಎಂದು ಹಗಲಿನಲ್ಲಿ ಏನೇ ಇರಲಿ, ಈ ಒಂದು ವಿಷಯದಲ್ಲಿ ಓಣಿಯ ಮರಾಠಿಯವರೂ ಕನ್ನಡದವರೂ ಒಂದು: ಎರಡೂ ಭಾಷೆಯಲ್ಲಿ ಬೆಳಗಾವಿಗೆ ಸೆಕೆ ಇಲ್ಲ.

"1924ರಾಗ ಗಾಂಧೀಜಿ ಸುಮ್ಮ ಸುಮ್ಮನ ನಮ್ಮೂರಿಗೆ ಬಂದ್ರೇನು? ಹವಾ ನೋಡಿ ಬಂದ್ರು!" ಎಂದು ಕಾಕಾ ಕತ್ತಲಲ್ಲಿ ಪ್ರವಚನ ಶುರುಮಾಡುತ್ತಾರೆ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ನಮ್ಮಲ್ಲಿ, ನಿಜ. ಗಂಗಾಧರರಾವ ದೇಶಪಾಂಡೆಯವರು ಊರು ತುಂಬ ಓಡಾಡಿ ಅದನ್ನು ನಡೆಸಿದರು. ಬಂದವರಿಗೆ ನೀರಿಗೆಂದು ತೋಡಿಸಿದ ಬಾವಿ ಟಿಳಕವಾಡಿಯಲ್ಲಿ ಕಾಂಗ್ರೆಸ್ ಬಾವಿ ಎಂಬ ಹೆಸರಿನಿಂದ ಈಗಲೂ ಇದೆ. ಆದರೆ ಅದು ನಡೆದದ್ದು ಡಿಸೆಂಬರಿನಲ್ಲಿ. ಡಿಸೆಂಬರಿನ ಸರ್ಟಿಫಿಕೇಟನ್ನು ಮೇ ತಿಂಗಳಲ್ಲಿ ತೋರಿಸಬಾರದು ಎಂದು ನನ್ನ ಬಾಯಿಗೆ ಬಂದಿತ್ತು. ಕಾಕಾ ಹಿರಿಯರು, ಬಿಟ್ಟೆ.

ಇಂಗ್ಲಿಷರು 1818ರಲ್ಲಿ ಕೋಟೆ ಹಿಡಿದ ಮೇಲೆ ಇಲ್ಲಿ ದಂಡು ಇಟ್ಟರು. ಕ್ಯಾಂಪಿನ ಹಳೆಯ ಬಂಗಲೆಗಳನ್ನು ನೋಡಿದರೆ ಅವರು ನಮ್ಮ ಹವೆಯನ್ನು ನಮ್ಮಷ್ಟು ನಂಬಿರಲಿಲ್ಲ ಎಂದು ಗೊತ್ತಾಗುತ್ತದೆ. ಎತ್ತರದ ಮಾಡು, ಸುತ್ತ ಜಗಲಿ, ಅಂಗಳ ತುಂಬ ಮರ. ಆಗಿನ ಸಾಹೇಬರ ಮನೆಗಳಲ್ಲಿ ಛತ್ತಿಗೆ ಬಟ್ಟೆಯ ಪಂಖಾ ತೂಗುಬಿಟ್ಟು, ಅದರ ಹಗ್ಗ ಎಳೆಯಲು ಹೊರಗೆ ಒಬ್ಬನನ್ನು ಕೂರಿಸುತ್ತಿದ್ದರು. ಸಾಹೇಬ ನಿದ್ದೆ ಮಾಡಲು ಇನ್ನೊಬ್ಬ ಎದ್ದಿರಬೇಕು. ಆತ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು ಕಾಲು ಆಡಿಸುತ್ತಲೇ ತೂಕಡಿಸುವುದನ್ನು ಕಲಿತುಬಿಡುತ್ತಿದ್ದ ಎನ್ನುತ್ತಾರೆ. ಸೆಕೆಗಾಲದ ನಿದ್ದೆಯ ಬಗ್ಗೆ ಮನುಷ್ಯ ಮಾಡಿದ ಶೋಧಗಳಲ್ಲಿ ನನಗೆ ಇದರ ಮೇಲೆ ಗೌರವ ಹೆಚ್ಚು. ಏಸಿಯ ಕಥೆ ಅಷ್ಟು ದೊಡ್ಡದಲ್ಲ: 1902ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಅದನ್ನು ಮೊದಲು ರೂಪಿಸಿದ್ದು ಬ್ರೂಕ್ಲಿನ್ನಿನ ಒಂದು ಛಾಪಖಾನೆಗೆ. ತೇವದಿಂದ ಕಾಗದ ಹಿಗ್ಗಿ ಬಣ್ಣದ ಅಚ್ಚು ಆಚೀಚೆಯಾಗುತ್ತಿತ್ತಂತೆ. ಕಾಗದ ಬೆವರಿತೆಂದು ಅಷ್ಟು ಕಾಳಜಿ, ಅಚ್ಚು ಮೊಳೆ ಜೋಡಿಸುವವನು ಬೆವರಿದ್ದರ ಬಗ್ಗೆ ಯಾರೂ ಬರೆದಂತಿಲ್ಲ.

ಇದರ ನಡುವೆ ಕಲಬುರಗಿಯಿಂದ ಬೀಗರು ಬಂದರು. ಅವರು ಬೇಸಿಗೆಗೊಮ್ಮೆ ನಮ್ಮಲ್ಲಿ ತಂಪು ತಗೊಳ್ಳಲು ಬರುತ್ತಾರೆ. ಅವರಿರುವಷ್ಟು ದಿನ ಊರಿನ ಮರ್ಯಾದೆಯೂ ಮನೆಯ ಮರ್ಯಾದೆಯೂ ಒಟ್ಟಿಗೆ ಪಣಕ್ಕೆ ಬೀಳುತ್ತವೆ. "ಹವಾ ಎಷ್ಟ್ ಛಲೋ ಅದರೀ ನಿಮ್ಮಲ್ಲಿ! ಇದು ನಮ್ ಕಡಿ ಮುಂಜಾನಿ ಎಂಟರ ಬಿಸಿಲು" ಎಂದು ಮಧ್ಯಾಹ್ನ ಮೂರಕ್ಕೆ ಹೇಳಿ, ಸ್ಲ್ಯಾಬಿನ ಕೆಳಗೇ ಮಲಗಿ, ಹತ್ತು ನಿಮಿಷದಲ್ಲಿ ಗೊರಕೆ ಹಚ್ಚಿದರು. 42 ಡಿಗ್ರಿ ಉಂಡು ಬಂದ ಮೈ. ನಾವು ಗಂಡ ಹೆಂಡತಿ ಆಚೆ ಕೋಣೆಯಲ್ಲಿ ಬೀಗರಿಗೆ ಕೇಳಿಸದಂತೆ ಸದ್ದಿಲ್ಲದೆ ಬೀಸಣಿಗೆ ಬೀಸಿಕೊಂಡೆವು.

ಮೂರನೆಯ ದಿನ ಅವರಿಗೆ ನಮ್ಮ ಕೆಂಪು ಕಣ್ಣು ಕಾಣಿಸಿತು. "ಕೂಲರ್ ತರಸ್ರಿ ಬೀಗರ. ನಮ್ಮಲ್ಲಿ ಕೂಲರ್ ಹಚ್ಚಿದ್ರ ನಡುರಾತ್ರಿ ಚಾದರ ಹೊತ್ಕೋಬೇಕಾಗ್ತದ." ಪರಿಚಯದವರಿಂದ ಎರಡು ದಿನಕ್ಕೆ ತಂದೆವು. ಕಿಟಕಿ ಮುಚ್ಚಿ, ನೀರು ತುಂಬಿ, ಗುಂಡಿ ಒತ್ತಿದರೆ ಮೊದಲ ಕಾಲು ಗಂಟೆ ಸ್ವರ್ಗ. ಅರ್ಧ ರಾತ್ರಿಗೆ ಹಾಸಿಗೆ ತಣ್ಣೀರಲ್ಲಿ ಅದ್ದಿ ಹಿಂಡಿದ್ದಾರೇನೋ ಎನಿಸಿತು. ಬೆಳಗ್ಗೆ ಡಬ್ಬಿಯ ಹಪ್ಪಳ ಮೆತ್ತಗಾಗಿದ್ದವು, ಉಪ್ಪು ಗಟ್ಟಿಯಾಗಿತ್ತು, ದಿನಪತ್ರಿಕೆ ಮಡಚಿದರೆ ಸಪ್ಪಳವೇ ಇಲ್ಲ. ಕಲಬುರಗಿಯ ಒಣಗಾಳಿ ನೀರನ್ನು ಎಷ್ಟು ಕೊಟ್ಟರೂ ಹೀರಿಕೊಂಡು ತಣ್ಣಗಾಗುತ್ತದೆ. ನಮ್ಮ ಮೇ ತಿಂಗಳ ಗಾಳಿ ಅರಬ್ಬೀ ಸಮುದ್ರದ ಕಡೆಯಿಂದ ಘಟ್ಟ ಹತ್ತಿ ಬಂದದ್ದು, ಮೊದಲೇ ಹೊಟ್ಟೆ ತುಂಬಿಸಿಕೊಂಡಿರುತ್ತದೆ. ಅದಕ್ಕೆ ಮತ್ತೆ ನೀರು ಬಡಿಸಿದರೆ ಏನಾದೀತು?

"ಹಂಗಾದ್ರ ಅಕ್ಕಾರ ಊರಿಗೆ ಹೋಗೂಣ ನಡೀರಿ, ಅಡವ್ಯಾಗ ತಂಪ ಇರತೈತಿ" ಎಂದಳು ಹೆಂಡತಿ. ಅಕ್ಕನ ಮನೆ ಖಾನಾಪುರ ತಾಲೂಕಿನಲ್ಲಿ, ಜಾಂಬೋಟಿ ಕಡೆಯ ಹಳ್ಳಿ. ಬೀಗರನ್ನೂ ಕರೆದುಕೊಂಡು ಹೊರಟೆವು. ಖಾನಾಪುರದ ರಸ್ತೆ ಅಗಲವಾಗಿ ಚೆಂದವಾಗಿದೆ. ಅಗಲ ಮಾಡುವಾಗ ಎರಡೂ ಕಡೆಯ ದೊಡ್ಡ ಮರಗಳು ಹೋದವು, ಈಗ ಬಿಸಿಲಿಗೂ ಓಡಾಡಲು ಜಾಗ ಸಾಕಷ್ಟಿದೆ.

ಖಾನಾಪುರದಲ್ಲಿ ಇಳಿದು ಗಡಿಗೆ ಕೊಂಡೆವು. ಅಲ್ಲಿಯ ಮಣ್ಣು ಹೆಂಚಿಗೆ, ಇಟ್ಟಂಗಿಗೆ, ಗಡಿಗೆಗೆ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದವರು ಕುಂಬಾರಿಕೆ ಕಲಿಸುವ ಕೇಂದ್ರ ಸಂಸ್ಥೆಯನ್ನು ಇಟ್ಟಿರುವುದೂ ಅಲ್ಲಿಯೇ. ಮಾರುವ ಅಜ್ಜಿ ಒಂದೊಂದನ್ನೇ ಎತ್ತಿ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟಳು. "ಖಣ್ ಅಂದ್ರ ಸುಟ್ಟೇತಿ, ಬದ್ ಅಂದ್ರ ಸೀಳೇತಿ. ಹೊಸಾ ಗಡಗಿ ಎರಡ್ ದಿನ ತಾನ ಕುಡೀತೈತಿ, ಆಮ್ಯಾಲ ನಿಮಗ ಕುಡಸ್ತೈತಿ" ಎಂದಳು. ಬೀಗರು ತಮಗೂ ಒಂದು ಆರಿಸಿಕೊಂಡರು. ಅಂಗೈ ಇಟ್ಟರೆ ಮೇಲ್ಮೈ ತರಿತರಿಯಾಗಿತ್ತು, ಬುಡದಲ್ಲಿ ಬೆರಳಿನ ಗೆರೆ ಹಾಗೇ ಉಳಿದಿತ್ತು. ಮೈ ಎಂಬುದೂ ಒಂದು ಗಡಿಗೆಯೇ. ಎರಡೂ ಬೆವರಿ ತಣ್ಣಗಾಗಬೇಕಾದವು, ಬೆವರು ಆರದಿದ್ದರೆ ಎರಡರ ಕೈಯಲ್ಲೂ ಏನೂ ಸಾಗದು.

ಅಕ್ಕನ ಮನೆ ಹೆಂಚಿನದು. ಮಣ್ಣಿನ ಗೋಡೆ, ಸೆಗಣಿ ಸಾರಿಸಿದ ಪಡಸಾಲೆ, ಮುಟ್ಟಿದರೆ ನೆಲ ತಣ್ಣಗೆ. ಸಂಜೆ ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು, ಕೋಕಂ ಶರಬತ್ತು, ಹಲಸಿನ ತೊಳೆ. ಕತ್ತಲಾದ ಮೇಲೆ ಮರ ತುಂಬ ಮಿಂಚುಹುಳ. ಇಷ್ಟೆಲ್ಲ ಕೊಟ್ಟ ದೇವರು ಗಾಳಿಯನ್ನು ಮಾತ್ರ ತಡೆಹಿಡಿದಿದ್ದ. ಒಂದು ಎಲೆ ಅಲುಗುವುದಿಲ್ಲ. ಸುತ್ತ ಕಾಡು ಉಸಿರು ಬಿಟ್ಟ ತೇವವೆಲ್ಲ ಅಲ್ಲಿಯೇ ನಿಂತಿದೆ. ಜೀರುಂಡೆಗಳು ಒಂದೇ ಶ್ರುತಿ ಹಿಡಿದಿವೆ. "ಹಿಂಗ ಕುದ್ದರನ ಮಳಿ ಬರೂದು" ಎಂದಳು ಅಕ್ಕ, ಸೆಕೆಯನ್ನು ತಾನೇ ಒಲೆಯ ಮೇಲೆ ಇಟ್ಟವಳ ಧಾಟಿಯಲ್ಲಿ. ನಾನು ಚಾಪೆ ಸುತ್ತಿಕೊಂಡು ಅಂಗಳಕ್ಕೆ ಹೊರಟೆ.

"ಹೊರಗ ಮಲಗಬ್ಯಾಡೋ ತಮ್ಮಾ. ಹಲಸಿನ ಹಣ್ಣಿನ ವಾಸನಿಗೆ ಕರಡಿ ಬರತಾವ."

ಭಾವ ಒಳಗಿನಿಂದ, "ದಿನಾ ಬರಂಗಿಲ್ಲ" ಎಂದು ತಿದ್ದಿದರು. ಇದರಿಂದ ನನಗೆ ಧೈರ್ಯವೇನೂ ಬರಲಿಲ್ಲ. ಬಾಗಿಲು ಹಾಕಿ, ಅಗುಳಿ ಜಡಿದು, ಐದು ಜನ ಪಡಸಾಲೆಯಲ್ಲಿ ಸಾಲಾಗಿ ಮಲಗಿದೆವು. ನಾಲ್ವರು ಮಲಗಿದರು ಎನ್ನಬೇಕು. ನನ್ನ ಹೊಸ ಗಡಿಗೆ ಮೂಲೆಯಲ್ಲಿ ಮರಳಿನ ಮೇಲೆ ಕೂತಿತ್ತು. ನಡುರಾತ್ರಿ ಎದ್ದು ಒಂದು ತಂಬಿಗೆ ಕುಡಿದೆ. ನೀರು ನನ್ನಷ್ಟೇ ಬೆಚ್ಚಗಿತ್ತು. ಬೆಳಗಿನ ಜಾವ ಗುಡುಗು ಕೇಳಿಸಿದಾಗ ಎಚ್ಚರವಿದ್ದವನು ನಾನೊಬ್ಬನೇ. ಮಳೆ ಆಚೆಯ ಗುಡ್ಡಕ್ಕೆ ಬಿದ್ದು ಹಾಗೇ ಹೋಯಿತು.

ಬೀಗರು ತಮ್ಮ ಗಡಿಗೆಯನ್ನು ಪಂಚೆಯಲ್ಲಿ ಕಟ್ಟಿ, ಮೇಲೊಂದು ಡಬ್ಬಿ ಕುಂದಾ ಹಿಡಿದು, ಕಲಬುರಗಿ ಬಸ್ಸಿನಲ್ಲಿ ರಾತ್ರಿಯಿಡೀ ತೊಡೆಯ ಮೇಲಿಟ್ಟುಕೊಂಡು ಹೋದರು. ಜೂನ್ ಮೊದಲ ವಾರ ಫೋನು ಬಂತು.

"ಬೀಗರ, ಏನ್ ಗಡಗಿ ಕೊಡಿಸೀರಿ! ನೀರು ಹಲ್ಲು ಜುಂ ಅಂತಾವ. ಫ್ರಿಜ್ಜಿನ ನೀರು ಮಕ್ಕಳು ಮುಟ್ಟವಲ್ಲರು. ಮಗ್ಗಲ ಮನಿಯವರು ನಾಕು ಬೇಕಂತಾರ, ಬರೂವಾಗ ತರ್ರಿ."

ಅಕ್ಕನನ್ನು ಕೇಳಿದೆ. ಅಲ್ಲಿ ಮಳೆ ಹಿಡಿದು ಮೂರು ದಿನವಾಗಿತ್ತಂತೆ, ಕುಂಬಾರರು ಆವಿಗೆ ಮುಚ್ಚಿದ್ದರಂತೆ, ಇನ್ನು ಹೊಸ ಗಡಿಗೆ ದಸರೆಯ ಮೇಲೆಯೇ. ಬೀಗರಿಗೆ ಹಾಗೇ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದಸರಾಕ್ಕ ಬಂದ್ರೂ ನಡೀತದ ತಗೋರಿ. ನಮ್ ಕಡಿ ಆವಾಗೂ ಬಿಸಿಲ ಇರ್ತದ" ಎಂದರು.