418ನೇ ಠರಾವಿನೊಂದಿಗೆ ಸಂದರ್ಶನ

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 418ನೇ ಠರಾವು ಹುಟ್ಟಿದ್ದು 1977ರ ನವೆಂಬರ್ 4ರಂದು. ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ ಯಾರೂ ಶಸ್ತ್ರ ಮಾರಕೂಡದೆಂಬುದು ಅದರ ಸಾರ. ಸದಸ್ಯ ರಾಷ್ಟ್ರವೊಂದರ ಮೇಲೆ ಹೇರಿದ ಮೊದಲ ಕಡ್ಡಾಯ ಶಸ್ತ್ರನಿರ್ಬಂಧವೂ ಇದೇ. 1994ರ ಮೇ ತಿಂಗಳಲ್ಲಿ ನಿವೃತ್ತಿಯಾಗಿ ಈಗ ಕಡತದಲ್ಲಿ ಮಲಗಿದೆ. ತನ್ನನ್ನು ತಾನೇ ‘ಸದರಿ ಠರಾವು’ ಎಂದು ಕರೆದುಕೊಳ್ಳುವುದು ಅದರ ಹಳೆಯ ಅಭ್ಯಾಸ.

ಪ್ರಶ್ನೆ: ಅದಕ್ಕೂ ಮುಂಚೆ ನಿರ್ಬಂಧವೇ ಇರಲಿಲ್ಲವೆ?

ಠರಾವು: ಇತ್ತು. 1963ರ 181ನೇ ಠರಾವು ಸದರಿ ಠರಾವಿಗೆ ಅಣ್ಣನಾಗಬೇಕು. ಪಾಪ, ಅದರದು ಬರೀ ವಿನಂತಿ. ಮನಸ್ಸಿದ್ದವರು ಕೇಳಿದರು, ಫ್ರಾನ್ಸ್ ಮಿರಾಜ್ ಯುದ್ಧವಿಮಾನ ಮಾರಿತು. 1976ರಲ್ಲಿ ಸೊವೆಟೊದ ಶಾಲಾಮಕ್ಕಳ ಮೇಲೆ ಗುಂಡು ಹಾರಿ, ಮರುವರ್ಷ ವರ್ಣಭೇದ ವಿರೋಧಿ ಹೋರಾಟಗಾರ ಸ್ಟೀವ್ ಬೀಕೊ ಪೊಲೀಸರ ವಶದಲ್ಲೇ ಪ್ರಾಣಬಿಟ್ಟ ಮೇಲೆ ಕಡ್ಡಾಯದ ಮಾತು ಬಂತು.

ಪ್ರಶ್ನೆ: ಅಷ್ಟರಲ್ಲಿ ಆಗಿಹೋಗಿದ್ದ ಒಪ್ಪಂದಗಳ ಗತಿ?

ಠರಾವು: ಮೂರನೇ ಪ್ಯಾರಾ ನೋಡುವುದು. ಅವನ್ನು ಕೊನೆಗಾಣಿಸುವ ದೃಷ್ಟಿಯಿಂದ ಪರಿಶೀಲಿಸಬೇಕು ಎಂದಿದೆ, ಕೊನೆಗಾಣಿಸಬೇಕು ಎಂದಿಲ್ಲ. ‘ಪರಿಶೀಲನೆಯಲ್ಲಿದೆ’ ಎಂಬುದರ ಅರ್ಥವನ್ನು ಸರ್ಕಾರಿ ಕಚೇರಿ ಹತ್ತಿಳಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಮುರಿದವರಿಗೆ ಶಿಕ್ಷೆ?

ಠರಾವು: ಸದರಿ ಠರಾವಿಗೆ ಪೊಲೀಸರಿಲ್ಲ, ಜೈಲಿಲ್ಲ, ಇದ್ದದ್ದೊಂದು ಸಮಿತಿ. ಕೈಕೋಳವೇನಿದ್ದರೂ ಆಯಾ ದೇಶದ ಶಾಸನದಲ್ಲಿ. ಫಿರಂಗಿ ತಜ್ಞ ಜೆರಾಲ್ಡ್ ಬುಲ್‌ನ ಕಂಪನಿಯ ಆವರಣ ಅಮೆರಿಕ–ಕೆನಡಾ ಗಡಿಯ ಮೇಲೆಯೇ ಕಾಲು ಚಾಚಿತ್ತು. ಅಲ್ಲಿಂದ 155 ಮಿಲಿಮೀಟರ್ ಶೆಲ್‌ಗಳು ಆಂಟಿಗುವಾ ಎಂಬ ಅಂಗೈಯಗಲದ ದ್ವೀಪದ ಹೆಸರಿನಲ್ಲಿ ಹೊರಟವು. ಅಷ್ಟು ಶೆಲ್ ಸಿಡಿಸಲು ಅಲ್ಲಿ ಜಾಗವಾದರೂ ಎಲ್ಲಿತ್ತು? ಮಾಲು ಸೇರಿದ್ದು ದಕ್ಷಿಣ ಆಫ್ರಿಕಾವನ್ನು. 1980ರಲ್ಲಿ ಬುಲ್ ತಪ್ಪೊಪ್ಪಿಕೊಂಡ. ಅನುಭವಿಸಿದ್ದು ಕೆಲವೇ ತಿಂಗಳ ಜೈಲು. ಅವನ ವಿದ್ಯೆ ಮಾತ್ರ ದಕ್ಷಿಣ ಆಫ್ರಿಕಾದಲ್ಲೇ ಬೇರುಬಿಟ್ಟು ಜಿ-5 ಫಿರಂಗಿಯಾಯಿತು. ಕೊಳ್ಳಲು ಹೊರಟಿದ್ದ ದೇಶ ಮಾರತೊಡಗಿತು, ಇರಾಕ್ ಗಿರಾಕಿಯಾಯಿತು.

ಪ್ರಶ್ನೆ: ಅದನ್ನು ತಡೆಯಲಿಲ್ಲವೆ?

ಠರಾವು: ಅಲ್ಲಿಂದ ಶಸ್ತ್ರ ಕೊಳ್ಳಬೇಡಿ ಎಂದು 1984ರಲ್ಲಿ 558ನೇ ಠರಾವು ಬಂತು. ಅದೂ ವಿನಂತಿ.

ಪ್ರಶ್ನೆ: ಹಾಗಾದರೆ ಚುರುಕು ಮುಟ್ಟಿಸಿದ್ದು ಯಾವುದು?

ಠರಾವು: ಅಮೆರಿಕದ 1986ರ ವರ್ಣಭೇದ ವಿರೋಧಿ ಕಾಯ್ದೆ. ಅಧ್ಯಕ್ಷ ರೇಗನ್ ವೀಟೊ ಹಾಕಿದರೂ ಅಲ್ಲಿನ ಸಂಸತ್ತು ಅದನ್ನು ತಳ್ಳಿಹಾಕಿ ಕಾಯ್ದೆ ಮಾಡಿತು. ನಿರ್ಬಂಧ ಮುರಿಯುವ ದೇಶಗಳ ಬಗ್ಗೆ ಸರ್ಕಾರ ವರದಿ ಒಪ್ಪಿಸಬೇಕೆಂದು 508ನೇ ಕಲಮು. ಹೆಸರು ಬಿದ್ದರೆ ಅಮೆರಿಕದ ಸೇನಾ ನೆರವಿಗೇ ಕುತ್ತು. ವರದಿ ಬರುವ ಮೊದಲೇ, 1987ರ ಮಾರ್ಚ್‌ನಲ್ಲಿ, ದಕ್ಷಿಣ ಆಫ್ರಿಕಾದೊಂದಿಗೆ ಹೊಸ ರಕ್ಷಣಾ ಒಪ್ಪಂದ ಮಾಡಿಕೊಳ್ಳುವುದಿಲ್ಲವೆಂದು ಇಸ್ರೇಲ್ ಘೋಷಿಸಿತು.

ಪ್ರಶ್ನೆ: ಹಳೆಯವು?

ಠರಾವು: ಮೂರನೇ ಪ್ಯಾರಾ ನೋಡುವುದು.