ಬಂದೂಕಿಗೆ ಐದು ವರ್ಷ, ಕುರ್ಚಿಗೆ ಆರು

ಔರಾದ ತಾಲೂಕಿನ ಒಬ್ಬ ರೈತ ಎಂದಿಟ್ಟುಕೊಳ್ಳಿ. ಹೊಲದಲ್ಲಿ ತೊಗರಿ, ತೊಗರಿಗೆ ಕಾಡುಹಂದಿ, ಹಂದಿ ಬೆದರಿಸಲು ಅಪ್ಪನ ಕಾಲದ ಒಂಟಿ ನಳಿಗೆ ಬಂದೂಕು, ಬಂದೂಕಿಗೆ ಡಿಸಿ ಸಾಹೇಬರ ಪರವಾನಗಿ. ಒಂದು ದಿನ ಬದುವಿನ ಜಗಳದಲ್ಲಿ ದಾಯಾದಿಯ ತಲೆಗೆ ಬಡಿಗೆ ಬಿತ್ತು. ಬಂದೂಕು ಆಗ ಮನೆಯ ಗೂಟದಲ್ಲಿ ತೂಗುತ್ತಿತ್ತು. ಆದರೆ ಸರ್ಕಾರ ಬಡಿಗೆಗೆ ಪರವಾನಗಿ ಕೊಟ್ಟಿರಲಿಲ್ಲವಲ್ಲ, ಹಾಗಾಗಿ ಕುತ್ತು ಬಂದದ್ದು ಬಂದೂಕಿನ ಪರವಾನಗಿಗೆ.

ತಾಲೂಕು ಕೋರ್ಟು ಜೈಲು ವಿಧಿಸಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಮಿನ ಪ್ರಕಾರ ಹಿಂಸೆಯ ಅಪರಾಧಕ್ಕೆ ಜೈಲಾದವನು ಶಿಕ್ಷೆ ಮುಗಿದ ಮೇಲೂ ಐದು ವರ್ಷ ಬಂದೂಕು ಇಟ್ಟುಕೊಳ್ಳುವಂತಿಲ್ಲ. ದಾಯಾದಿಯನ್ನು ಕೇಳಿದರೆ ಇದೂ ಕಡಿಮೆಯೇ ಅನ್ನುತ್ತಾನೆ. ತಲೆಗೆ ಹೊಲಿಗೆ ಬಿದ್ದದ್ದು ಅವನದು, ಆ ಮಾತಿಗೆ ನನ್ನ ತಕರಾರಿಲ್ಲ.

ಮುಂದೆ ಬೀದರಿನ ಸೆಷನ್ಸ್ ಕೋರ್ಟು ಅಪೀಲಿನಲ್ಲಿ ರೈತನನ್ನು ಖುಲಾಸೆ ಮಾಡಿತು. ಇಲ್ಲಿ ಕಾಯ್ದೆ ಬಲು ಉದಾರಿ. ಶಿಕ್ಷೆ ರದ್ದಾದ ಗಳಿಗೆಯಲ್ಲೇ 9ನೇ ಕಲಮಿನ ಐದು ವರ್ಷದ ಅಡ್ಡಿಯೂ ಬಿದ್ದುಹೋಗುತ್ತದೆ. ರೈತ ಪೇಢಾ ಹಂಚಿ ಪರವಾನಗಿ ತೆಗೆದು ನೋಡಿದ. ಅವಧಿ ಮುಗಿದಿತ್ತು. 2019ರ ತಿದ್ದುಪಡಿ ಪರವಾನಗಿಯ ಆಯುಷ್ಯವನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿದೆ ನಿಜ, ಆದರೆ ನಮ್ಮ ಖಟ್ಲೆಗಳು ಅದಕ್ಕಿಂತ ದೀರ್ಘಾಯುಷಿಗಳು. ಕಾನೂನು ಅಡ್ಡಿ ತೆಗೆಯುವಷ್ಟರಲ್ಲಿ ಪರವಾನಗಿ ಮುಪ್ಪಿನಿಂದ ಸತ್ತಿತ್ತು.

ಇನ್ನು ನವೀಕರಣ. ಅದಕ್ಕೆ ಪೊಲೀಸ್ ವರದಿ.

"ಕಾಕಾ, ನಿಮ್ಮ ಮ್ಯಾಲ ಕೇಸ್ ಆಗಿತ್ತಂತ ಬರದಾರ್ರಿ."

"ಖುಲಾಸ್ ಆಗ್ಯಾದಲ್ರಿ ಸಾಹೇಬ್ರ, ನಕಲು ತಂದೀನಿ."

"ಅದನ್ನೂ ಬರದಾರ್ರಿ. ಆದ್ರ ಖುಲಾಸ್ ಆಗಬೇಕಂದ್ರ ಮೊದಲ ಕೇಸ್ ಇರಬೇಕಲ್ರಿ?"

ಈ ತರ್ಕಕ್ಕೆ ಮೇಲ್ಮನವಿ ಇಲ್ಲ. ಅದೇ ಕಾಯ್ದೆಯ 17ನೇ ಕಲಮಿನಲ್ಲಿ ಸಾರ್ವಜನಿಕ ಶಾಂತಿಯ ಹೆಸರಿನಲ್ಲಿ ಅಧಿಕಾರಿಯೇ ಪರವಾನಗಿ ಕಿತ್ತುಕೊಳ್ಳುವ ದಾರಿಯೂ ಬೇರೆ ಇದೆ. ಕೋರ್ಟು ಒರೆಸಿದ ಮಸಿಗೆ ಕಚೇರಿಯಲ್ಲಿ ದೌತಿಯೇ ಇಟ್ಟಿದ್ದಾರೆ. ಒಪ್ಪದವರು ಕಲಬುರಗಿಯ ಹೈಕೋರ್ಟ್ ಪೀಠದ ಬಸ್ ಹತ್ತಬಹುದು. ಅಷ್ಟರಲ್ಲಿ ತೊಗರಿಯ ರಾಶಿ ಹಂದಿಗಳೇ ಮುಗಿಸಿರುತ್ತವೆ.

ಬಂದೂಕು ಮರಳಿ ಬಂದರೂ ಏನು? ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಬೇಕು. ಹಂದಿಗಳಿಗೆ ನೀತಿ ಸಂಹಿತೆ ಇಲ್ಲ. ಹೊಲಕ್ಕೆ ಇಳಿಯುವ ಕೃಷ್ಣಮೃಗ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಅತಿಥಿ, ಅದರ ಕಡೆ ನಳಿಗೆ ತಿರುಗಿಸಿದರೆ ಹೊಸ ಖಟ್ಲೆ. 2025ರ ಜನವರಿ 16ರಂದು ಬೀದರ್ ನಗರದ ಎಟಿಎಂ ಮುಂದೆ ಹಾಡಹಗಲೇ ಗುಂಡು ಹಾರಿಸಿ ಜೀವ ತೆಗೆದು ಹಣದ ಪೆಟ್ಟಿಗೆ ಹೊತ್ತೊಯ್ದವರು ಮಾತ್ರ ಯಾವ ಕಚೇರಿಯಲ್ಲೂ ಪಾಳಿ ಹಚ್ಚಿರಲಿಲ್ಲ.

ಈಗ ಕುರ್ಚಿಯ ಲೆಕ್ಕ. ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದವನು ಬಿಡುಗಡೆಯ ಮೇಲೆ ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಬಂದೂಕಿಗಿಂತ ಕುರ್ಚಿ ಒಂದು ವರ್ಷ ಹೆಚ್ಚು ಅಪಾಯದ್ದು ಎಂದು ಸಂಸತ್ತೇ ಅಳೆದು ಹೇಳಿದಂತಾಯಿತು. ಆದರೆ ಖಟ್ಲೆ ಇನ್ನೂ ನಡೆಯುತ್ತಿದ್ದರೆ ಅಡ್ಡಿಯೇ ಇಲ್ಲ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ತನ್ನ ಮೇಲಿನ ಕೇಸುಗಳನ್ನು ಮೂರು ಸಲ ಪತ್ರಿಕೆಯಲ್ಲಿ, ಟಿವಿಯಲ್ಲಿ ಪ್ರಕಟಿಸಿದರಾಯಿತು. ಗೆದ್ದರೆ ಸರ್ಕಾರವೇ ಗನ್‌ಮ್ಯಾನ್ ಕೊಡುತ್ತದೆ. ಅಂದರೆ ಖುಲಾಸೆಯಾದವನು ಬಂದೂಕಿಗೆ ಅಲೆಯುತ್ತಾನೆ, ಆರೋಪ ಹೊತ್ತವನ ಹಿಂದೆ ಬಂದೂಕು ಅಲೆಯುತ್ತದೆ.

ಇದು ನಮ್ಮೊಬ್ಬರ ಸೊತ್ತಲ್ಲ. ಅಮೆರಿಕದಲ್ಲಿ 2024ರ ಮೇ 30ರಂದು ಡೊನಾಲ್ಡ್ ಟ್ರಂಪ್ 34 ಆರೋಪಗಳಲ್ಲಿ ತಪ್ಪಿತಸ್ಥ ಎಂದು ತೀರ್ಮಾನವಾಯಿತು. ಅಲ್ಲಿನ ಒಕ್ಕೂಟ ಕಾನೂನು ಅಂಥವರಿಗೆ ಪಿಸ್ತೂಲು ನಿಷೇಧಿಸುತ್ತದೆ. ಎಂಟು ತಿಂಗಳೊಳಗೆ ಅವರ ಕೈಗೆ ಅಣ್ವಸ್ತ್ರದ ಕೀಲಿ ಬಂತು.

ಭಾಲ್ಕಿಯ ಬೀಗರು ಲೋಕ ಕಂಡವರು. "ಬೀಗ್ರೇ, ಬಂದೂಕಿನ ಅರ್ಜಿ ಬಿಡ್ರಿ, ನಾಮಿನೇಷನ್ ಫಾರಂ ತಗೋರಿ. ಗೆದ್ರಿ ಅಂದ್ರ ಬಂದೂಕು ಹಿಡದಾಂವನೇ ನಿಮ್ಮ ಹಿಂದ ಬರ್ತಾನ."

ರೈತ ಸ್ವಲ್ಪ ಹೊತ್ತು ಯೋಚಿಸಿ ಕೇಳಿದ: "ಅಂವ ರಾತ್ರಿ ಹೊಲ ಕಾಯ್ತಾನೇನ್ರಿ?"